ನೆಲದಡಿಯ ರೈಲು, ನಡುಬೀದಿಯ ಹೊಂಡ



ಈ ತಿಂಗಳು ಬಂದ ಪತ್ರಗಳಲ್ಲಿ ನನ್ನನ್ನು ಯೋಚನೆಗೆ ಹಚ್ಚಿದ್ದು ಮೂರನೇ ತರಗತಿಯ ಓದುಗನೊಬ್ಬನ ಒಂದೇ ಸಾಲಿನ ಪ್ರಶ್ನೆ: ‘ಮೆಟ್ರೊ ರೈಲು ನೆಲದ ಒಳಗೆ ಓಡುತ್ತದಲ್ಲ, ಮೇಲಿನ ರಸ್ತೆ ಯಾಕೆ ಕೆಳಗೆ ಬೀಳುವುದಿಲ್ಲ?’

ಎಂಥ ಒಳ್ಳೆಯ ಪ್ರಶ್ನೆ! ನಾವು ದೊಡ್ಡವರು ದಿನಾ ಮೆಟ್ರೊ ಹತ್ತಿ ಇಳಿಯುತ್ತೇವೆ. ಸೀಟು ಸಿಕ್ಕಿತೇ, ಫೋನಿಗೆ ಸಿಗ್ನಲ್ ಸಿಕ್ಕಿತೇ ಎಂದು ನೋಡುತ್ತೇವೆಯೇ ಹೊರತು ತಲೆಯ ಮೇಲೆ ಒಂದು ಇಡೀ ಬೀದಿ, ಬಸ್ಸು, ಲಾರಿ, ಅಂಗಡಿಗಳ ಸಾಲು ನಿಂತಿದೆ ಎಂಬುದು ನೆನಪಿಗೇ ಬರುವುದಿಲ್ಲ. ಮಕ್ಕಳಿಗೆ ಮಾತ್ರ ನೆನಪಾಗುತ್ತದೆ.

ಸುಲಭದ ಉತ್ತರ ಇದು: ಬೀಳದ ಹಾಗೆ ಕಟ್ಟಿರುತ್ತಾರೆ, ಅದಕ್ಕೇ ಬೀಳುವುದಿಲ್ಲ. ಆದರೆ ಇಷ್ಟೇ ಬರೆದು ಕಳಿಸಿದರೆ ಆ ಹುಡುಗನಿಗೆ ಸಮಾಧಾನವಾಗಲಿಕ್ಕಿಲ್ಲ. ಆದ್ದರಿಂದ ಈ ವಾರ ಒಂದು ನಿಜ ಸಂಗತಿಯನ್ನೇ ಹೇಳುತ್ತೇನೆ. ಜಪಾನಿನ ಒಂದು ಊರಿನಲ್ಲಿ, ಒಂದು ನೆಲದಡಿಯ ನಿಲ್ದಾಣಕ್ಕೆ ದಾರಿ ತೋಡುತ್ತಿದ್ದಾಗ, ಮೇಲಿನ ರಸ್ತೆ ನಿಜವಾಗಿಯೂ ಕೆಳಗೆ ಬಿದ್ದಿತ್ತು.

ಹೆದರಬೇಡಿ. ಆ ಹೊಂಡಕ್ಕೆ ಒಬ್ಬರೂ ಬೀಳಲಿಲ್ಲ. ಯಾಕೆ ಬೀಳಲಿಲ್ಲ ಎಂಬುದೇ ಈ ವಾರದ ಕತೆ.

ಎರಡು ಹೆಸರಿನ ಊರು

ಜಪಾನ್ ಎಂದರೆ ದ್ವೀಪಗಳ ದೇಶ ಎಂದು ನೀವು ಓದಿದ್ದೀರಿ. ನಾಲ್ಕು ದೊಡ್ಡ ದ್ವೀಪಗಳಲ್ಲಿ ತೀರಾ ಕೆಳಗಿರುವುದು ಕ್ಯೂಶೂ. ಅದರ ಉತ್ತರದ ಕಡಲ ದಂಡೆಯಲ್ಲಿರುವ ದೊಡ್ಡ ಊರು ಫುಕುವೋಕಾ. ನಕ್ಷೆಯಲ್ಲಿ ಬೆರಳಿಟ್ಟು ನೋಡಿ. ಈ ಊರಿಗೆ ರಾಜಧಾನಿ ಟೋಕಿಯೊ ದೂರ, ಸಮುದ್ರದಾಚೆಯ ಕೊರಿಯಾ ದೇಶವೇ ಹತ್ತಿರ!

ಈ ಊರಿನಲ್ಲೊಂದು ತಮಾಷೆಯಿದೆ. ಟೋಕಿಯೊದಿಂದ ಬುಲೆಟ್ ರೈಲು ಹತ್ತಿ ಐದು ಗಂಟೆ ಕುಳಿತರೆ ಫುಕುವೋಕಾ ತಲುಪುತ್ತೀರಿ. ಆದರೆ ಇಳಿದಾಗ ಫಲಕದ ಮೇಲೆ ಫುಕುವೋಕಾ ಎಂದು ಬರೆದಿರುವುದಿಲ್ಲ, ‘ಹಕಾತಾ’ ಎಂದಿರುತ್ತದೆ. ತಪ್ಪು ಊರಿಗೆ ಬಂದೆವಾ ಎಂದು ಹೊಸಬರು ಗಾಬರಿಯಾಗುವುದುಂಟು. ಹಿಂದೆ ಇಲ್ಲಿ ನದಿಯ ಒಂದು ಬದಿಗೆ ಕೋಟೆಯವರ ಊರು ಫುಕುವೋಕಾ, ಇನ್ನೊಂದು ಬದಿಗೆ ವ್ಯಾಪಾರಿಗಳ ಊರು ಹಕಾತಾ ಇದ್ದವು. 1889ರಲ್ಲಿ ಎರಡೂ ಸೇರಿ ಒಂದು ನಗರವಾದಾಗ ನಗರಕ್ಕೆ ಫುಕುವೋಕಾ ಎಂದು ಹೆಸರಾಯಿತು. ಅದೇ ವರ್ಷ ಬಂದ ರೈಲು ನಿಲ್ದಾಣಕ್ಕೆ ಹಕಾತಾ ಎಂದು ಹೆಸರಾಯಿತು. ಇಬ್ಬರಿಗೂ ಒಂದೊಂದು ಸಿಕ್ಕಿದ ಹಾಗಾಯಿತು, ಅಲ್ಲವೇ?

ಈ ಊರಿನ ಮೆಟ್ರೊ ಶುರುವಾದದ್ದು 1981ರ ಜುಲೈನಲ್ಲಿ. ಈಗ ಅಲ್ಲಿ ಮೂರು ಮಾರ್ಗಗಳಿವೆ. ವಿಮಾನ ನಿಲ್ದಾಣದ ಮಾರ್ಗ ಕಿತ್ತಳೆ ಬಣ್ಣದ್ದು. ವಿಮಾನದಿಂದ ಇಳಿದು ಈ ರೈಲು ಹತ್ತಿದರೆ ಐದಾರು ನಿಮಿಷಕ್ಕೆ ಹಕಾತಾದಲ್ಲಿರುತ್ತೀರಿ. ನೀಲಿ ಬಣ್ಣದ ಹಕೊಝಾಕಿ ಮಾರ್ಗ ಒಂದು. ಮೂರನೆಯದು ಹಸಿರು ಬಣ್ಣದ ನನಾಕುಮಾ ಮಾರ್ಗ. ನಮ್ಮ ಕತೆ ಈ ಹಸಿರು ಮಾರ್ಗದ್ದು.

ಓದಲು ಬಾರದವರಿಗೂ ಒಂದು ಗುರುತು

ಹೊಂಡದ ಕತೆಗೆ ಹೋಗುವ ಮೊದಲು, ನನಗೆ ಬಹಳ ಇಷ್ಟವಾದ ಒಂದು ವಿಷಯ ಹೇಳಿಬಿಡುತ್ತೇನೆ. ಫುಕುವೋಕಾ ಮೆಟ್ರೊದ ಪ್ರತಿಯೊಂದು ನಿಲ್ದಾಣಕ್ಕೂ ಹೆಸರಿನ ಜೊತೆಗೆ ಒಂದು ಚಿತ್ರವಿದೆ. ವಿಮಾನ ನಿಲ್ದಾಣಕ್ಕೆ ಹಾರುವ ವಿಮಾನ. ಹಕಾತಾ ನಿಲ್ದಾಣಕ್ಕೆ ಆ ಊರಿನ ಹೆಸರುವಾಸಿ ರೇಷ್ಮೆ ನೇಯ್ಗೆಯ ವಿನ್ಯಾಸ. ನಮ್ಮ ಇಳಕಲ್ ಸೀರೆಯ ಸೆರಗು ನೋಡಿದ ಕೂಡಲೇ ಊರಿನ ಹೆಸರು ಹೊಳೆಯುತ್ತದಲ್ಲ, ಹಾಗೆ. ತೆನ್ಜಿನ್ ಎಂಬ ನಿಲ್ದಾಣಕ್ಕೆ ಮಕ್ಕಳ ಹಳೆಯ ಆಟವೊಂದರ ಚಿತ್ರ.

ಮೊದಲ ಚಿತ್ರಗಳನ್ನು ಬರೆದವರು ಹಕಾತಾದಲ್ಲೇ ಹುಟ್ಟಿ ಬೆಳೆದ ಚಿತ್ರಕಾರ ಇಸಾವೊ ನಿಶಿಜಿಮಾ. ಮಕ್ಕಳ ಚಿತ್ರಗಳಿಗೆ ಅವರು ಪ್ರಸಿದ್ಧರು. ಮುಂದೆ ಹಸಿರು ಮಾರ್ಗ ಬಂದಾಗ ಅದರ ನಿಲ್ದಾಣಗಳಿಗೆ ಚಿತ್ರ ಬರೆದವರು ಅವರ ಮಗ. ಅಪ್ಪ ಹಾಕಿದ ದಾರಿಯಲ್ಲಿ ಮಗನ ರೈಲು!

ಚಿತ್ರ ಯಾಕೆ ಬೇಕು? ಅಕ್ಷರ ಕಲಿಯದ ಪುಟ್ಟ ಮಕ್ಕಳಿಗೆ, ಜಪಾನಿ ಲಿಪಿ ಓದಲು ಬಾರದ ಹೊರ ದೇಶದವರಿಗೆ ಅದು ದಾರಿ ತೋರಿಸುತ್ತದೆ. ಆ ಊರಿಗೆ ಹೋದಾಗ ನಾನೂ ಅಕ್ಷರ ಬಾರದ ಮಗುವಿನಂತೆಯೇ ಇದ್ದೆ. ವಿಮಾನದ ಚಿತ್ರ ನೋಡಿ ಹತ್ತಿದೆ, ನೇಯ್ಗೆಯ ಚಿತ್ರ ನೋಡಿ ಇಳಿದೆ. ಯಾರನ್ನೂ ಕೇಳಬೇಕಾಗಲಿಲ್ಲ.

ಕೊನೆಯ ತುಂಡು

ಹಸಿರು ಮಾರ್ಗ 2005ರ ಫೆಬ್ರುವರಿಯಲ್ಲಿ ಶುರುವಾಯಿತು. ಉದ್ದ 12 ಕಿಲೋಮೀಟರ್, 16 ನಿಲ್ದಾಣಗಳು. ಇದರ ರೈಲುಗಳು ಸ್ವಲ್ಪ ಕುಳ್ಳ. ಕಾರಣ ಇದು: ಸಾಮಾನ್ಯ ಮೋಟರು ಗಿರಗಿರ ತಿರುಗುತ್ತದೆ, ನಿಮ್ಮ ಮನೆಯ ಫ್ಯಾನಿನ ಮೋಟರಿನ ಹಾಗೆ. ಆ ಮೋಟರನ್ನು ಕತ್ತರಿಸಿ ಚಾಪೆಯಂತೆ ಬಿಡಿಸಿ ಹಾಸಿದರು ಎಂದುಕೊಳ್ಳಿ. ಒಂದು ಭಾಗ ರೈಲಿನ ಹೊಟ್ಟೆಯಡಿ, ಇನ್ನೊಂದು ಭಾಗ ಹಳಿಗಳ ನಡುವೆ. ಆಗ ಅದು ತಿರುಗುವ ಬದಲು ಮುಂದಕ್ಕೆ ಎಳೆಯುತ್ತದೆ. ಇದಕ್ಕೆ ಲೀನಿಯರ್ ಮೋಟರು ಎನ್ನುತ್ತಾರೆ. ಇದು ತೆಳ್ಳಗಿರುವುದರಿಂದ ರೈಲಿನ ನೆಲವನ್ನು ತಗ್ಗಿಸಬಹುದು. ರೈಲು ಕುಳ್ಳಗಾದರೆ ಸುರಂಗವನ್ನೂ ಚಿಕ್ಕದಾಗಿ ತೋಡಿದರೆ ಸಾಕು. ಖರ್ಚು ಕಡಿಮೆ.

ಆದರೆ ಈ ಮಾರ್ಗಕ್ಕೆ ಒಂದು ಕೊರತೆಯಿತ್ತು. ಅದು ಊರಿನ ನಡುವಿನ ತೆನ್ಜಿನ್-ಮಿನಾಮಿ ಎಂಬಲ್ಲಿಗೇ ನಿಂತುಬಿಡುತ್ತಿತ್ತು. ಬುಲೆಟ್ ರೈಲಿನ ಹಕಾತಾಗೆ ಹೋಗಬೇಕೇ? ಅಲ್ಲಿ ಇಳಿದು, ನೆಲದಡಿಯ ಅಂಗಡಿ ಬೀದಿಯಲ್ಲಿ ಅರ್ಧ ಕಿಲೋಮೀಟರಿಗೂ ಹೆಚ್ಚು ನಡೆದು, ಕಿತ್ತಳೆ ಮಾರ್ಗದ ರೈಲು ಹಿಡಿಯಬೇಕಿತ್ತು. ಕೈಯಲ್ಲಿ ಪೆಟ್ಟಿಗೆ, ಸೊಂಟದಲ್ಲಿ ಮಗು ಇದ್ದವರಿಗೆ ಎಷ್ಟು ಕಷ್ಟ! ಮಾರ್ಗದ ಇನ್ನೊಂದು ಕಡೆ ಮನೆಗಳಿವೆ, ದೊಡ್ಡ ವಿಶ್ವವಿದ್ಯಾಲಯವಿದೆ. ಅಲ್ಲಿನವರೆಲ್ಲ ‘ಹಕಾತಾವರೆಗೂ ರೈಲು ಬರಲಿ’ ಎಂದು ಕಾಯುತ್ತಿದ್ದರು.

ಉಳಿದದ್ದು ಒಂದೂವರೆ ಕಿಲೋಮೀಟರಿನಷ್ಟು ದಾರಿ. ಎರಡು ಹೊಸ ನಿಲ್ದಾಣ. ಒಂದು ಹಕಾತಾದ್ದೇ. ನಡುವೆ ಇನ್ನೊಂದು, ಕುಶಿದಾ ದೇವಾಲಯದ ಮುಂದೆ. ಜುಲೈ ತಿಂಗಳ ನಸುಕಿನಲ್ಲಿ, ಸರಿಯಾಗಿ 4 ಗಂಟೆ 59 ನಿಮಿಷಕ್ಕೆ, ಗಂಡಸರು ಭಾರಿ ತೇರುಗಳನ್ನು ಹೆಗಲ ಮೇಲೆ ಹೊತ್ತು ಓಡುವ ಜಾತ್ರೆ ಈ ದೇವಾಲಯದ್ದೇ. ನಮ್ಮ ತೇರಿಗೆ ಹಗ್ಗ, ಅವರ ತೇರಿಗೆ ಹೆಗಲು.

ಕೆಲಸ ಶುರುವಾಯಿತು. 2020ರಲ್ಲಿ ರೈಲು ಓಡಿಸಬೇಕೆಂದು ಯೋಜನೆ. ಹಕಾತಾ ನಿಲ್ದಾಣದ ಮುಂದಿನ ದೊಡ್ಡ ರಸ್ತೆಯಡಿ, ಸುಮಾರು 20 ಮೀಟರ್ ಆಳದಲ್ಲಿ ಸುರಂಗ ತೋಡುತ್ತಿದ್ದರು. 20 ಮೀಟರ್ ಎಂದರೆ ಆರೇಳು ಮಹಡಿಯ ಕಟ್ಟಡವನ್ನು ತಲೆಕೆಳಗಾಗಿ ಹುಗಿದಷ್ಟು ಆಳ.

ಆ ನಸುಕಿನಲ್ಲಿ

ದಿನಾಂಕ 2016ರ ನವೆಂಬರ್ 8. ದೊಡ್ಡವರಿಗೆ ಈ ತಾರೀಖು ನೆನಪಿದ್ದೀತು. ಅಂದು ರಾತ್ರಿ ಎಂಟು ಗಂಟೆಗೆ ನಮ್ಮಲ್ಲಿ 500 ಮತ್ತು 1000 ರೂಪಾಯಿ ನೋಟುಗಳು ರದ್ದಾದ ಸುದ್ದಿ ಬಂತು. ಆಮೇಲೆ ನಮಗೆ ಬ್ಯಾಂಕಿನ ಸಾಲು ಬಿಟ್ಟರೆ ಬೇರೆ ಲೋಕವೇ ಕಾಣಲಿಲ್ಲ. ಅದೇ ದಿನ ಬೆಳಗಿನ ಜಾವ, ನಾವೆಲ್ಲ ಗಾಢ ನಿದ್ದೆಯಲ್ಲಿದ್ದಾಗ, ಜಪಾನಿನಲ್ಲಿ ಈ ಕತೆ ನಡೆಯಿತು.

ಸುರಂಗದೊಳಗೆ ಕೆಲಸಗಾರರಿದ್ದರು. ಅಲ್ಲಿ ಅವರು ತೋಡುತ್ತಿದ್ದ ವಿಧಾನ ಹೀಗೆ: ಒಂದಿಷ್ಟು ಅಗೆಯುವುದು, ಅಗೆದ ಗೋಡೆಗೆ ಕೂಡಲೇ ಕಾಂಕ್ರೀಟ್ ಎರಚುವುದು, ಉಕ್ಕಿನ ಕಮಾನು ನಿಲ್ಲಿಸುವುದು, ಮತ್ತೆ ಒಂದಿಷ್ಟು ಮುಂದೆ ಹೋಗುವುದು. ಕಮಾನಿನ ಮೇಲಿರುವ ಗಟ್ಟಿ ನೆಲವೇ ತನ್ನ ಭಾರವನ್ನು ತಾನು ಹೊರುವಂತೆ ಮಾಡುವುದು ಇದರ ಗುಟ್ಟು. ನಿಮ್ಮೂರಿನ ಹಳೆಯ ಕಲ್ಲಿನ ಸೇತುವೆಯ ಕಮಾನು ನೋಡಿದ್ದೀರಲ್ಲ, ಒಂದು ಕಲ್ಲು ಇನ್ನೊಂದನ್ನು ಒತ್ತಿ ಹಿಡಿದು ನಿಂತಿರುತ್ತದೆ. ಹಾಗೆ.

ನಾಲ್ಕೂವರೆಯ ಸುಮಾರಿಗೆ, ಅಗೆಯುತ್ತಿದ್ದ ಕಡೆಯಿಂದ ಸಣ್ಣ ಸಣ್ಣ ಚೂರುಗಳು ಉದುರತೊಡಗಿದವು. ಸುರಂಗದಲ್ಲಿ ಚೂರು ಉದುರುವುದು ಹೊಸದೇನಲ್ಲ. ಆದರೆ ಇದು ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ನೀರು ಬಂತು. ಬಾವಿ ತೋಡುವವರಿಗೆ ನೀರು ಬಂದರೆ ಹಬ್ಬ. ಸುರಂಗ ತೋಡುವವರಿಗೆ ಅದೇ ನೀರು ಯಮದೂತ.

ಆಗ ಕೆಲಸಗಾರರು ಏನು ಮಾಡಿದರು? ‘ಇನ್ನು ಸ್ವಲ್ಪ ನೋಡೋಣ’ ಎನ್ನಲಿಲ್ಲ. ಯಂತ್ರ ಬಿಟ್ಟರು, ಕೆಲಸ ಬಿಟ್ಟರು, ಐದು ಗಂಟೆಯ ಹೊತ್ತಿಗೆ ಎಲ್ಲರೂ ಹೊರಗೆ ಬಂದರು. ಬಂದವರು ತಮ್ಮ ಜೀವ ಉಳಿಯಿತೆಂದು ಸುಮ್ಮನಾಗಲಿಲ್ಲ. ಕೆಳಗೆ ಹೀಗಾದರೆ ಮೇಲೇನಾದೀತು ಎಂದು ಯೋಚಿಸಿದರು. 5.10ರ ವೇಳೆಗೆ ಮೇಲಿನ ರಸ್ತೆಯಲ್ಲಿ ವಾಹನ, ಜನ ಯಾರೂ ಬಾರದಂತೆ ತಡೆದು ನಿಲ್ಲಿಸಿದ್ದಾಯಿತು.

5.15ರ ಹೊತ್ತಿಗೆ ರಸ್ತೆ ಕುಸಿಯತೊಡಗಿತು.

ನಡುವೆ ಇದ್ದದ್ದು ಐದು ನಿಮಿಷ. ನೀವು ಹಲ್ಲುಜ್ಜಿ ಮುಖ ತೊಳೆಯುವಷ್ಟು ಹೊತ್ತು.

ಮೊದಲು ರಸ್ತೆಯ ಎರಡು ಬದಿಗೆ ಒಂದೊಂದು ಹೊಂಡ ಬಿತ್ತು. ನೋಡನೋಡುತ್ತ ಅವು ಅಗಲವಾಗಿ, ನಡುವಿನ ರಸ್ತೆಯೂ ಕುಸಿದು, ಎರಡೂ ಕೂಡಿ ಒಂದೇ ಹೊಂಡವಾಯಿತು. ಉದ್ದ ಸುಮಾರು 30 ಮೀಟರ್, ಅಗಲ 27 ಮೀಟರ್, ಆಳ 15 ಮೀಟರ್. ಮೂರು ಬಸ್ಸುಗಳನ್ನು ಒಂದರ ಹಿಂದೊಂದು ನಿಲ್ಲಿಸಿದರೆ 30 ಮೀಟರಿನಷ್ಟಾಗುತ್ತದೆ. ಸಿಗ್ನಲ್ ಕಂಬವೂ ಉರುಳಿತು. ಪಕ್ಕದ ಕಟ್ಟಡಗಳ ಅಡಿಪಾಯದ ಕಂಬಗಳು ಹೊರಗೆ ಕಾಣತೊಡಗಿದವು, ವಸಡು ಸರಿದ ಹಲ್ಲಿನ ಬೇರಿನಂತೆ.

ರಸ್ತೆಯ ಕೆಳಗೆ ಏನೇನಿರುತ್ತದೆ ಹೇಳಿ? ಕುಡಿಯುವ ನೀರಿನ ಕೊಳವೆ, ಚರಂಡಿಯ ಕೊಳವೆ, ಅಡುಗೆ ಅನಿಲದ ಕೊಳವೆ, ವಿದ್ಯುತ್ ತಂತಿ, ಫೋನಿನ ತಂತಿ. ಎಲ್ಲವೂ ತುಂಡಾದವು. ಸುತ್ತಮುತ್ತ ಕತ್ತಲಾಯಿತು. ಅನಿಲ ಸೋರೀತೆಂಬ ಭಯದಿಂದ ಹತ್ತಿರದ ಕಟ್ಟಡಗಳವರನ್ನು ಬೇರೆಡೆಗೆ ಹೋಗಲು ಹೇಳಿದರು. ಆದರೂ ಹೊಂಡಕ್ಕೆ ಒಬ್ಬ ಮನುಷ್ಯನೂ ಬೀಳಲಿಲ್ಲ. ಒಬ್ಬರ ಜೀವವೂ ಹೋಗಲಿಲ್ಲ.

ಒಂದು ವಾರದ ಬೆರಗು

ಮುಂದಿನದನ್ನು ನಿಮ್ಮಲ್ಲಿ ಕೆಲವರು ಫೋನಿನಲ್ಲಿ ನೋಡಿರಬಹುದು. ಹೊಂಡದ ಒಂದು ಚಿತ್ರ, ಪಕ್ಕದಲ್ಲೇ ಚೊಕ್ಕವಾದ ರಸ್ತೆಯ ಇನ್ನೊಂದು ಚಿತ್ರ. ‘ಜಪಾನಿನಲ್ಲಿ ಒಂದೇ ವಾರದಲ್ಲಿ ಹೊಂಡ ಮುಚ್ಚಿದರು’ ಎಂದು ಲೋಕವೆಲ್ಲ ಬಾಯಿ ಮೇಲೆ ಬೆರಳಿಟ್ಟಿತು. ನವೆಂಬರ್ 15ರ ಬೆಳಗ್ಗೆ ಐದು ಗಂಟೆಗೆ ಆ ರಸ್ತೆಯಲ್ಲಿ ಮತ್ತೆ ವಾಹನಗಳು ಓಡಿದವು.

ಹೇಗೆ ಮುಚ್ಚಿದರು? ಹೊಂಡದಲ್ಲಿ ನೀರು ತುಂಬಿತ್ತು. ನೀರಿಗೆ ಬರಿಯ ಮಣ್ಣು ಸುರಿದರೆ ಕೆಸರಾಗುತ್ತದೆ, ಗಟ್ಟಿಯಾಗಿ ಕೂರುವುದಿಲ್ಲ. ನೀರನ್ನು ಪಂಪು ಹಾಕಿ ತೆಗೆದರೆ ಸುತ್ತಲಿನ ಮಣ್ಣು ಮತ್ತೆ ಜರಿದೀತು. ಅದಕ್ಕೆ ಅವರು ಮಣ್ಣು, ಸಿಮೆಂಟು, ನೀರು ಸೇರಿಸಿ ಕಲಸಿದ ಒಂದು ಬಗೆಯ ಹಿಟ್ಟನ್ನು ತಂದರು. ದೋಸೆ ಹಿಟ್ಟಿನ ಹದ ಅಂದುಕೊಳ್ಳಿ. ಸುರಿದರೆ ಸಂದುಗೊಂದಿಗೆಲ್ಲ ತಾನೇ ಹರಿದು ಹೋಗುತ್ತದೆ. ನೀರಿನೊಳಗೂ ಗಟ್ಟಿಯಾಗುತ್ತದೆ. ಹಾಗಂತ ಕಲ್ಲಾಗುವಷ್ಟಲ್ಲ. ಮುಂದೊಂದು ದಿನ ಅದರೊಳಗೇ ಸುರಂಗ ತೋಡಬೇಕಲ್ಲ!

ಹೊಂಡ ತುಂಬಲು ಬೇಕಾದದ್ದು ಆರು ಸಾವಿರ ಘನ ಮೀಟರಿಗೂ ಹೆಚ್ಚು. ಲೆಕ್ಕ ಮಾಡೋಣ. ನಮ್ಮ ರಸ್ತೆಗಳಲ್ಲಿ ಡ್ರಮ್ಮು ತಿರುಗಿಸುತ್ತ ಹೋಗುವ ಕಾಂಕ್ರೀಟ್ ಲಾರಿ ಒಂದು ಸಲಕ್ಕೆ ಆರು ಘನ ಮೀಟರ್ ಹೊರುತ್ತದೆ ಎಂದುಕೊಂಡರೆ, ಎಷ್ಟು ಲಾರಿಯಾಯಿತು? ಹೌದು, ಸಾವಿರಕ್ಕೂ ಹೆಚ್ಚು. ಹಗಲೂ ರಾತ್ರಿಯೂ ಲಾರಿಗಳು ಬಂದವು. ಮೇಲಕ್ಕೆ ಬರುತ್ತ ಬರುತ್ತ ಒಂದೊಂದೇ ಕೊಳವೆ, ತಂತಿಗಳನ್ನು ಮತ್ತೆ ಜೋಡಿಸಿದರು. ನೀರಿನವರು, ಅನಿಲದವರು, ವಿದ್ಯುತ್ತಿನವರು, ಫೋನಿನವರು ಸರದಿ ಹಾಕಿಕೊಂಡು, ಒಬ್ಬರ ಕಾಲಿಗೆ ಒಬ್ಬರು ತೊಡರದೆ ಕೆಲಸ ಮಾಡಿದರು. ನೀರಿನವರು ಅಗೆದು ಮುಚ್ಚಿದ ಮರುದಿನವೇ ಕೇಬಲಿನವರು ಅಗೆಯುವುದನ್ನು ನೋಡಿ ಅಭ್ಯಾಸವಾದ ನಮಗೆ ಇದೇ ದೊಡ್ಡ ಬೆರಗು!

ಆದರೆ ಲೋಕವೆಲ್ಲ ಚಪ್ಪಾಳೆ ತಟ್ಟುತ್ತಿದ್ದಾಗ ಆ ಊರಿನ ಮೇಯರ್ ಏನು ಮಾಡಿದರು ಗೊತ್ತೆ? ಜನರ ಕ್ಷಮೆ ಕೇಳಿದರು. ರಸ್ತೆ ಬಿದ್ದದ್ದು ಭೂಕಂಪದಿಂದಲ್ಲ, ಮಳೆಯಿಂದಲ್ಲ, ನಗರವೇ ಮಾಡಿಸುತ್ತಿದ್ದ ಕೆಲಸದಿಂದ. ಅದಕ್ಕೂ ಹಿಂದೆ ಇದೇ ಮಾರ್ಗದ ಕೆಲಸದಲ್ಲಿ ಸಣ್ಣ ಕುಸಿತಗಳಾಗಿದ್ದವು. ಹಾಗಾಗಿ ಆ ಊರಿನವರು ಅಷ್ಟು ಸುಲಭವಾಗಿ ಚಪ್ಪಾಳೆ ತಟ್ಟಲಿಲ್ಲ. ಅಂಗಡಿ ಮುಚ್ಚಿ ಕುಳಿತವರಿಗೆ ನಷ್ಟ ಕಟ್ಟಿಕೊಡುವ ಏರ್ಪಾಡಾಯಿತು. ನವೆಂಬರ್ 26ರ ನಸುಕಿನಲ್ಲಿ ಅದೇ ಜಾಗದಲ್ಲಿ ರಸ್ತೆ ಸುಮಾರು 7 ಸೆಂಟಿಮೀಟರ್ ಕುಗ್ಗಿತು. ಹೊಸ ಹಾಸಿಗೆಯ ಹತ್ತಿ ಕೂರುವ ಹಾಗೆ ಹೊಸದಾಗಿ ತುಂಬಿದ ನೆಲವೂ ಕೂತಿತ್ತು. ಆಗಲೂ ರಸ್ತೆ ಮುಚ್ಚಿ, ಪರೀಕ್ಷಿಸಿ, ಆಮೇಲೆಯೇ ತೆರೆದರು. ‘ಮೊದಲೇ ತಿಳಿಸಬೇಕಿತ್ತು’ ಎಂದು ಮತ್ತೆ ಕ್ಷಮೆ.

ಯಾಕೆ ಬಿತ್ತು? ಮನೆಯಲ್ಲೇ ನೋಡಿ

ತಜ್ಞರ ಸಮಿತಿಯೊಂದು ಕುಳಿತು ಕಾರಣ ಹುಡುಕಿತು. 2017ರ ಮಾರ್ಚಿನಲ್ಲಿ ವರದಿ ಬಂತು. ಅದರ ತಿರುಳನ್ನು ನೀವು ಮನೆಯಲ್ಲೇ ಮಾಡಿ ನೋಡಬಹುದು. ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಐಸ್‌ಕ್ರೀಮಿನ ಖಾಲಿ ಡಬ್ಬಿಯ ತಳದಲ್ಲಿ ಹತ್ತು ರೂಪಾಯಿ ನಾಣ್ಯದಷ್ಟು ತೂತು ಮಾಡಿಸಿ. ತಳದೊಳಗೆ ಜೇಡಿಮಣ್ಣನ್ನೋ ಚಪಾತಿ ಹಿಟ್ಟನ್ನೋ ಎರಡು ಬೆರಳು ದಪ್ಪಕ್ಕೆ ಒತ್ತಿ. ಅದರ ಮೇಲೆ ಮರಳು ತುಂಬಿ, ಮರಳು ತೋಯುವಷ್ಟು ನೀರು ಹಾಕಿ. ತೂತಿಗೆ ಅಡ್ಡ ಹಿಡಿದ ಕೈಯನ್ನು ತೆಗೆಯಿರಿ. ಏನೂ ಆಗುವುದಿಲ್ಲ. ಈಗ ಎಲ್ಲ ಖಾಲಿ ಮಾಡಿ, ಅದೇ ಹಿಟ್ಟನ್ನು ತೆಳ್ಳಗೆ, ಚಪಾತಿಯಷ್ಟೇ ದಪ್ಪಕ್ಕೆ ಹಾಸಿ. ಮತ್ತೆ ಮರಳು, ಮತ್ತೆ ನೀರು. ಕೈ ತೆಗೆದು ಸ್ವಲ್ಪ ಕಾಯಿರಿ. ಹಿಟ್ಟು ತೂತಿನ ಕಡೆಗೆ ಉಬ್ಬುತ್ತದೆ, ಹನಿ ಹನಿ ನೀರು ಬರುತ್ತದೆ, ಆಮೇಲೆ ಹರಿದು ಮರಳೂ ನೀರೂ ಒಟ್ಟಿಗೆ ಸುರಿಯುತ್ತವೆ. ಆಗ ಕೆಳಗೆ ನೋಡಬೇಡಿ, ಮೇಲೆ ನೋಡಿ. ಮರಳಿನ ಮೇಲ್ಮೈಯಲ್ಲಿ ಒಂದು ಬಟ್ಟಲಿನಂಥ ಗುಳಿ ಬಿದ್ದಿರುತ್ತದೆ.

ಹಕಾತಾದಲ್ಲಿ ಆದದ್ದೂ ಇದೇ. ರಸ್ತೆಯ ಕೆಳಗೆ ನೀರು ತುಂಬಿದ ಮರಳಿನ ಪದರ. ಅದರ ಕೆಳಗೆ ನೀರನ್ನು ತಡೆದು ಹಿಡಿಯುವ ಪದರ. ಅದರ ಕೆಳಗೆ ಸುರಂಗ. ನಡುವಿನ ಆ ಪದರ ಅಂದುಕೊಂಡಷ್ಟು ದಪ್ಪವಾಗಿಯೂ ಗಟ್ಟಿಯಾಗಿಯೂ ಇರಲಿಲ್ಲ. ಮೇಲಿನ ನೀರಿನ ಒತ್ತಡ ತಾಳದೆ ಅದು ಒಡೆಯಿತು. ಮೂರನೇ ತರಗತಿಯ ಗೆಳೆಯಾ, ನಿನ್ನ ಪ್ರಶ್ನೆಗೆ ಉತ್ತರ ಇಲ್ಲಿದೆ. ತಲೆಯ ಮೇಲಿನ ಪದರ ಸಾಕಷ್ಟು ಗಟ್ಟಿಯಾಗಿದ್ದರೆ ರಸ್ತೆ ಬೀಳುವುದಿಲ್ಲ. ಅದು ಗಟ್ಟಿಯಾಗಿದೆಯೇ ಎಂದು ಅಗೆಯುವ ಮೊದಲೂ, ಅಗೆಯುವಾಗಲೂ ಮತ್ತೆ ಮತ್ತೆ ಪರೀಕ್ಷಿಸುತ್ತಲೇ ಇರಬೇಕು. ನೆಲ ಕಣ್ಣಿಗೆ ಕಾಣುವುದಿಲ್ಲ. ಒಂದು ಕಡೆ ಇದ್ದಂತೆ ನಾಲ್ಕು ಹೆಜ್ಜೆ ಆಚೆ ಇರುವುದಿಲ್ಲ.

ಆರು ವರ್ಷ, ಐದು ನಿಮಿಷ

ರಸ್ತೆಯೇನೋ ಒಂದು ವಾರಕ್ಕೆ ಸರಿಹೋಯಿತು. ಕೆಳಗಿನ ಸುರಂಗ? ಅದು ಮಣ್ಣು, ನೀರು ತುಂಬಿ ಕುಳಿತಿತ್ತು. ಅದನ್ನು ಮತ್ತೆ ತೆರೆಯಲು ಯಾರೂ ಅವಸರ ಮಾಡಲಿಲ್ಲ. ಮೊದಲು ಆ ಭಾಗದ ನೆಲವನ್ನು ರಸಾಯನಿಕ ತುಂಬಿ ಗಟ್ಟಿ ಮಾಡಿದರು. ಆಮೇಲೆ ಮೆಲ್ಲಗೆ ನೀರು ತೆಗೆದರು, ಮೆಲ್ಲಗೆ ಮಣ್ಣು ತೆಗೆದರು. 2020 ಬಂತು, ಹೋಯಿತು. ರೈಲು ಓಡಲಿಲ್ಲ. ಜನ ಮತ್ತೆ ಪೆಟ್ಟಿಗೆ ಹಿಡಿದು ಅರ್ಧ ಕಿಲೋಮೀಟರ್ ನಡೆದರು.

ಕೊನೆಗೂ 2023ರ ಮಾರ್ಚ್ 27ರಂದು ಹಸಿರು ಮಾರ್ಗದ ರೈಲು ಹಕಾತಾಗೆ ಬಂತು. ಹೊಂಡ ಬಿದ್ದ ದಿನದಿಂದ ಲೆಕ್ಕ ಹಾಕಿದರೆ ಆರು ವರ್ಷ, ನಾಲ್ಕು ತಿಂಗಳು ಮತ್ತು ಸ್ವಲ್ಪ ದಿನ. ಆ ವರ್ಷ ಒಂದನೇ ತರಗತಿಯಲ್ಲಿದ್ದ ಮಗು ಈಗ ಪ್ರಾಥಮಿಕ ಶಾಲೆಯನ್ನೇ ಮುಗಿಸಿತ್ತು! ಅಂದುಕೊಂಡದ್ದಕ್ಕಿಂತ ಹೆಚ್ಚು ಜನ ಹತ್ತಿದರು. ಬೆಳಗಿನ ಹೊತ್ತು ರೈಲುಗಳು ಕಿಕ್ಕಿರಿದವು.

ಆ ಬೀದಿಯಲ್ಲಿ ನಾನು ನಡೆದಿದ್ದೇನೆ. ಹೊಂಡದ ಗುರುತೇನೂ ನನ್ನ ಕಣ್ಣಿಗೆ ಬೀಳಲಿಲ್ಲ. ಕಚೇರಿಗೆ ಓಡುವವರು, ಸೈಕಲ್ ತುಳಿಯುವವರು, ಬಣ್ಣದ ಟೋಪಿ ಹಾಕಿದ ಪುಟ್ಟ ಶಾಲಾ ಮಕ್ಕಳು. ಎಲ್ಲ ಬೀದಿಗಳಂತೆ ಒಂದು ಬೀದಿ. ಕೆಳಗಿಳಿದು ರೈಲು ಹತ್ತಿದಾಗಲೂ ಅಷ್ಟೆ, ಎರಡು ನಿಲ್ದಾಣದ ನಡುವೆ ಒಂದು ಸಾಮಾನ್ಯ ಕತ್ತಲು. ಬಳಸುವವರು ಅದನ್ನು ನೆನೆಯಬೇಕಾಗಿಯೇ ಇಲ್ಲ. ಕಟ್ಟುವವರು ಮಾತ್ರ ಮರೆಯಬಾರದು.

ಎಲ್ಲರೂ ಆ ಒಂದು ವಾರವನ್ನು ಹೊಗಳುತ್ತಾರೆ. ಹೊಗಳಬೇಕಾದದ್ದೇ. ಆದರೆ ನನ್ನನ್ನು ಕೇಳಿದರೆ, ವಾರಕ್ಕಿಂತ ದೊಡ್ಡದು ಆ ಐದು ನಿಮಿಷ. ರಸ್ತೆಗೆ ಅಡ್ಡ ಕಟ್ಟಿದಾಗ ರಸ್ತೆ ಇನ್ನೂ ಚೆನ್ನಾಗಿಯೇ ಇತ್ತು. ಬಿರುಕಿಲ್ಲ, ಗುಳಿಯಿಲ್ಲ. ಒಂದು ವೇಳೆ ಅದು ಬೀಳದೇ ಹೋಗಿದ್ದರೆ? ‘ಸುಮ್ಮನೆ ಗಾಬರಿ ಮಾಡಿ ಎಲ್ಲರಿಗೂ ತೊಂದರೆ ಕೊಟ್ಟರು’ ಎಂದು ಬೈಸಿಕೊಳ್ಳುತ್ತಿದ್ದರು. ಬೈಸಿಕೊಂಡರೂ ಪರವಾಗಿಲ್ಲ, ನಿಲ್ಲಿಸೋಣ ಎಂದು ಅವರು ಮುಂದಾದರು. ಆಮೇಲಿನ ಆರು ವರ್ಷದಲ್ಲೂ ಅಷ್ಟೆ. ‘ಬೇಗ ಮುಗಿಸಿ’ ಎನ್ನುವವರ ಮುಂದೆ ‘ನಿಧಾನವಾಗಿಯೇ ಮಾಡುತ್ತೇವೆ’ ಎಂದು ನಿಲ್ಲುವುದು ಸುಲಭವಲ್ಲ.

ದೊಡ್ಡವರಿಗೆ ಒಂದು ಮಾತು. ಮಗು ಬಂದು ‘ಅಪ್ಪಾ, ಗೋಡೆಯಲ್ಲಿ ಬಿರುಕು’, ‘ಅಮ್ಮಾ, ಸ್ವಿಚ್ಚಿನ ಹತ್ತಿರ ಸುಟ್ಟ ವಾಸನೆ’ ಎಂದರೆ, ಹತ್ತರಲ್ಲಿ ಒಂಬತ್ತು ಸಲ ಏನೂ ಇರುವುದಿಲ್ಲ. ಆದರೂ ಎದ್ದು ಹೋಗಿ ನೋಡಿ. ‘ಏನಿಲ್ಲ ಹೋಗು’ ಎಂದು ಕೂತಲ್ಲಿಂದಲೇ ಗದರಿದರೆ, ಹತ್ತನೆಯ ಸಲ ಅದು ಹೇಳಲು ಬರುವುದೇ ಇಲ್ಲ.

ಪುಟಾಣಿಗಳೇ, ನಿಮಗೆ ಈ ವಾರದ ಕೆಲಸ. ಹಕಾತಾಗೆ ರೇಷ್ಮೆ ನೇಯ್ಗೆಯ ಚಿತ್ರ, ವಿಮಾನ ನಿಲ್ದಾಣಕ್ಕೆ ವಿಮಾನದ ಚಿತ್ರ ಇದ್ದ ಹಾಗೆ, ನಿಮ್ಮೂರಿನ ಬಸ್ ನಿಲ್ದಾಣಕ್ಕೆ ಒಂದು ಚಿತ್ರ ಬರೆಯಿರಿ. ಅಕ್ಷರ ಬೇಡ. ಓದಲು ಬಾರದ ಅಜ್ಜಿಯೋ, ಭಾಷೆ ಬಾರದ ಪರ ಊರಿನವರೋ ನೋಡಿದ ಕೂಡಲೇ ‘ಓ, ಇದೇ ನಾನು ಇಳಿಯಬೇಕಾದ ಜಾಗ’ ಎನ್ನಬೇಕು. ಅಲ್ಲಿನ ಆಲದ ಮರವೋ, ಗುಡಿಯ ಗೋಪುರವೋ, ಬಿಸಿ ಮಿರ್ಚಿ ಕರಿಯುವ ಬಾಣಲೆಯೋ, ಯಾವುದಾದರೂ ಸರಿ. ಬರೆದು ಕಳಿಸಿ. ಡಬ್ಬಿಯ ಪ್ರಯೋಗ ಮಾಡಿದವರು ಗುಳಿ ಬೀಳಲು ಎಷ್ಟು ನಿಮಿಷ ಹಿಡಿಯಿತು ಎಂದೂ ಬರೆಯಿರಿ. ಹಿಟ್ಟು ಮತ್ತು ಮರಳನ್ನು ಅಡುಗೆ ಮನೆಯಲ್ಲಿ ಹಾಗೆಯೇ ಬಿಟ್ಟು ಏಳಬೇಡಿ. ಅಮ್ಮನ ಕಾಲಿಗೆ ಮರಳು ಸಿಕ್ಕರೆ ಆಮೇಲಿನ ಕುಸಿತಕ್ಕೆ ನಾನು ಹೊಣೆಯಲ್ಲ!